‘ಹೋಲಿ ಕೌ’ ಎನ್ನುವವರು ಕರೆಯುತ್ತಿರುವುದು ಯಾರನ್ನು?

ಪ್ರೌಢಶಾಲೆಯ ಇಂಗ್ಲಿಷ್ ವ್ಯಾಕರಣದ ಪ್ರಕಾರ ಮನುಷ್ಯನಿಗೆ ಹೆಚ್ಚುಕಡಿಮೆ ಎರಡೇ ಉದ್ಗಾರ. ಪಂದ್ಯ ಗೆದ್ದರೆ ‘ಹುರ್ರಾ’, ಯಾರಾದರೂ ತೀರಿಕೊಂಡರೆ ‘ಅಲಾಸ್’. ಪರೀಕ್ಷೆಯಲ್ಲಿ ಡೈರೆಕ್ಟ್ ಸ್ಪೀಚನ್ನು ಇಂಡೈರೆಕ್ಟಿಗೆ ತಿರುಗಿಸುವಾಗ ಮೊದಲನೆಯದಕ್ಕೆ ಸಂತೋಷದಿಂದ ಉದ್ಗರಿಸಿದನು, ಎರಡನೆಯದಕ್ಕೆ ದುಃಖದಿಂದ ಉದ್ಗರಿಸಿದನು ಎಂದು ಬರೆದರೆ ಅಂಕ ಬರುತ್ತದೆ. 1930ರ ದಶಕದಲ್ಲಿ ಬಂದ ರೆನ್ ಅಂಡ್ ಮಾರ್ಟಿನ್ ಅವರ ವ್ಯಾಕರಣದಂಥ ಪುಸ್ತಕಗಳು ಈ ಜೋಡಿಯನ್ನು ನಮ್ಮ ತರಗತಿಗಳಲ್ಲಿ ಗಟ್ಟಿಯಾಗಿ ಕೂರಿಸಿದವು. ಆದರೆ ಶಿಕಾರಿಪುರದಲ್ಲೋ ಆನವಟ್ಟಿಯಲ್ಲೋ ಕೂತ ಹುಡುಗಿ ಮೊಬೈಲಿನಲ್ಲಿ ಒಂದು ಕಾರ್ಟೂನ್ ಹಾಕಿಕೊಂಡರೆ ಅಲ್ಲಿ ಯಾರೂ ಅಲಾಸ್ ಅನ್ನುವುದಿಲ್ಲ. ‘ಹೋಲಿ ಕೌ’ ಅನ್ನುತ್ತಾರೆ, ‘ಗುಡ್ ಗ್ರೀಫ್’ ಅನ್ನುತ್ತಾರೆ, ‘ಜೀಝ್ ಲೂಯೀಸ್’ ಅನ್ನುತ್ತಾರೆ. ನಿಘಂಟಿನಲ್ಲಿ ಒಂದೊಂದೇ ಪದ ಹುಡುಕಿದರೆ ಪವಿತ್ರ ಹಸು, ಒಳ್ಳೆಯ ದುಃಖ ಎಂದು ಸಿಗುತ್ತದೆ. ಲೂಯೀಸ್ ಯಾರೆಂಬುದು ಎಷ್ಟು ಹುಡುಕಿದರೂ ಸಿಗುವುದಿಲ್ಲ. ನನಗೆ ಇಂಗ್ಲಿಷ್ ಹತ್ತುವುದಿಲ್ಲ ಎಂದು ಮಕ್ಕಳು ಕೈಚೆಲ್ಲುವುದು ಇಂಥ ಕಡೆಯೇ. ಅದು ಅವರ ದಡ್ಡತನವಲ್ಲ. ಉದ್ಗಾರಕ್ಕೆ ಅರ್ಥ ಹುಡುಕುವ ದಾರಿಯೇ ಬೇರೆ, ಅದನ್ನು ಯಾರೂ ಅವರಿಗೆ ತೋರಿಸಿಲ್ಲ.

ಆ ದಾರಿ ಕನ್ನಡದಲ್ಲಿ ನಮಗೆ ಚೆನ್ನಾಗಿ ಗೊತ್ತು. ದೀಪಾವಳಿ ಕಳೆದ ಮೇಲೆ ಶಿಕಾರಿಪುರ, ಸೊರಬದ ಊರೂರಲ್ಲಿ ನಡೆಯುವ ಹೋರಿ ಬೆದರಿಸುವ ಹಬ್ಬವನ್ನು ನೆನೆಸಿಕೊಳ್ಳಿ. ಕೊಬ್ಬರಿ ಸರ, ಬಲೂನು ಕಟ್ಟಿಸಿಕೊಂಡ ಹೋರಿ ಜನರ ನಡುವೆ ನುಗ್ಗಿ ಯಾರ ಕೈಗೂ ಸಿಗದೆ ದಾಟಿತೆಂದರೆ ‘ಅಬ್ಬಬ್ಬಾ’. ಒಬ್ಬ ಕಾಲುಜಾರಿ ಬಿದ್ದನೆಂದರೆ ‘ಅಯ್ಯಯ್ಯೋ’. ಇನ್ನೊಬ್ಬ ಕೊಬ್ಬರಿ ಹರಿದುಕೊಂಡನೆಂದರೆ ‘ಭಲೇ’, ‘ಶಭಾಷ್’. ಮೆಚ್ಚಿನ ಹೋರಿ ಸಿಕ್ಕಿಬಿದ್ದರೆ ‘ಛೇ’. ಅದು ಸಿಕ್ಕೇ ಇಲ್ಲವೆಂದು ವಾದ ಹೂಡಿದವನಿಗೆ ‘ಹೋಗೋ ಮಾರಾಯ’. ಒಂದೆರಡು ನಿಮಿಷದೊಳಗೆ ಇಷ್ಟೆಲ್ಲ ಆಗಿಹೋಗುತ್ತದೆ, ಯಾರೂ ‘ಅಬ್ಬಾ’ ಎಂದರೇನು ಎಂದು ಪಕ್ಕದವರನ್ನು ಕೇಳುವುದಿಲ್ಲ. ನಮ್ಮ ಶಾಲೆಯ ವ್ಯಾಕರಣ ಇವುಗಳನ್ನು ಭಾವಸೂಚಕಾವ್ಯಯ ಎನ್ನುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಕೊನೆಯದನ್ನು ಅವ್ಯಯಗಳಿಗೇ ಇಟ್ಟಿದ್ದಾನೆ. ಲಿಂಗ, ವಚನ, ವಿಭಕ್ತಿ ಯಾವುದೂ ಅವ್ಯಯಕ್ಕೆ ಅಂಟುವುದಿಲ್ಲ. ಅದರಲ್ಲೂ ಭಾವಸೂಚಕ ಪದ ವಾಕ್ಯದೊಳಗೆ ಇರುವುದೇ ಇಲ್ಲ, ವಾಕ್ಯದ ಹೊಸ್ತಿಲಲ್ಲಿ ನಿಂತು ಕೂಗುತ್ತದೆ. ಹಾಗಾಗಿ ಅದರಲ್ಲಿ ಹುಡುಕಬೇಕಾದದ್ದು ಅರ್ಥವನ್ನಲ್ಲ. ಯಾರು, ಯಾರೆದುರು, ಏನು ನಡೆದಾಗ, ಎಷ್ಟು ಜೋರಾಗಿ ಅಂದರು ಎಂಬುದನ್ನು ನೋಡಬೇಕು. ಇಂಗ್ಲಿಷಿಗೂ ಇದೇ ಮಾತು ಸಲ್ಲುತ್ತದೆ.

ಒಂದು ದೊಡ್ಡ ವ್ಯತ್ಯಾಸ ಮಾತ್ರ ಇದೆ. ಅದು ತಿಳಿದರೆ ಅರ್ಧಕ್ಕರ್ಧ ಇಂಗ್ಲಿಷ್ ಉದ್ಗಾರಗಳ ಗಂಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನಮ್ಮವರು ಗಾಬರಿಯಾದಾಗ ಕರೆಯುವುದು ಅಪ್ಪನನ್ನು, ಅಮ್ಮನನ್ನು, ಇಲ್ಲವೇ ದೇವರನ್ನು. ಅಪ್ಪಾ, ಅಮ್ಮಾ, ಶಿವನೇ, ರಾಮರಾಮಾ, ಕೃಷ್ಣಕೃಷ್ಣಾ. ಶಿಕಾರಿಪುರದವರಿಗೆ ಹುಚ್ಚರಾಯಸ್ವಾಮಿ ಇದ್ದಾನೆ, ಸೊರಬದ ಕಡೆಯವರಿಗೆ ಚಂದ್ರಗುತ್ತಿಯ ಗುತ್ಯಮ್ಮ ಇದ್ದಾಳೆ. ಹೆಸರನ್ನು ಬಾಯ್ತುಂಬ ಕರೆಯುತ್ತೇವೆ, ಕರೆದಷ್ಟೂ ಪುಣ್ಯ. ಭಾಗವತದ ಅಜಾಮಿಳ ಸಾಯುವ ಹೊತ್ತಿನಲ್ಲಿ ನಾರಾಯಣಾ ಎಂದು ಕೂಗಿದ್ದು ತನ್ನ ಮಗನನ್ನು. ದೇವರ ಧ್ಯಾನ ಅವನಿಗಿರಲಿಲ್ಲ. ಆದರೂ ಹೆಸರು ಬಾಯಿಗೆ ಬಂತೆಂಬ ಒಂದೇ ಕಾರಣಕ್ಕೆ ಯಮದೂತರು ಹಿಂದೆ ಸರಿದರು. ಮೈಮರೆತು ಅಂದರೂ ಹೆಸರು ಹೆಸರೇ ಎಂಬುದು ನಮ್ಮಲ್ಲಿ ಆಳಕ್ಕಿಳಿದ ನಂಬಿಕೆ. ಅಲ್ಲಮನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಎರಡೂ ಇದೇ ಶಿಕಾರಿಪುರ ತಾಲ್ಲೂಕಿನವು. ಅವರಿಬ್ಬರ ವಚನಗಳು ಹೇಳಬೇಕಾದ್ದನ್ನೆಲ್ಲ ಹೇಳಿ ಕೊನೆಗೆ ಇಷ್ಟದೈವದ ಹೆಸರನ್ನು ಕರೆದು ನಿಲ್ಲುತ್ತವೆ.

ಕ್ರೈಸ್ತರ ದಾರಿ ಇದಕ್ಕೆ ತೀರ ಎದುರು. ಬೈಬಲಿನ ಹತ್ತು ಆಜ್ಞೆಗಳಲ್ಲಿ ಒಂದು, ದೇವರ ಹೆಸರನ್ನು ಸುಮ್ಮಸುಮ್ಮನೆ ಎತ್ತಬೇಡ ಎನ್ನುತ್ತದೆ. ಮೈಮರೆತು ಅಂದರೆ ಅದು ಪುಣ್ಯವಲ್ಲ, ಪಾಪ. ಇಂಗ್ಲೆಂಡಿನಲ್ಲಿ ಇದು ಕಾನೂನಿನ ಮಟ್ಟಕ್ಕೂ ಹೋಯಿತು. 1606ರಲ್ಲಿ ಅಲ್ಲಿನ ಪಾರ್ಲಿಮೆಂಟು ಮಾಡಿದ ಕಾಯಿದೆಯಂತೆ, ನಾಟಕದಲ್ಲಿ ದೇವರ ಅಥವಾ ಕ್ರಿಸ್ತನ ಹೆಸರನ್ನು ತಮಾಷೆಗೆ ಎತ್ತಿದರೆ ಒಂದೊಂದು ಸಲಕ್ಕೂ 10 ಪೌಂಡ್ ದಂಡ. ಆಗ ಶೇಕ್ಸ್‌ಪಿಯರ್ ಬರೆಯುತ್ತಿದ್ದ ಕಾಲ. 1622ರಲ್ಲಿ ಅಚ್ಚಾದ ‘ಒಥೆಲೊ’ ಪ್ರತಿಯಲ್ಲಿರುವ ಎಷ್ಟೋ ಆಣೆಗಳು 1623ರ ದೊಡ್ಡ ಸಂಪುಟದಲ್ಲಿ ಕಾಣುವುದಿಲ್ಲ. ಹಾಗೆ ಮಾಯವಾದವುಗಳಲ್ಲಿ ‘ಝೌಂಡ್ಸ್’ ಒಂದು. ‘ದೇವರ ಗಾಯಗಳಾಣೆ’ ಎಂಬುದನ್ನು ಜನ ನುಂಗಿ ನುಂಗಿ ಮಾಡಿಕೊಂಡಿದ್ದ ಪದ ಅದು.

ಆದರೆ ಬೆರಳಿಗೆ ಸುತ್ತಿಗೆ ಬಿದ್ದಾಗ ಬಾಯಿ ಕಾನೂನು ಕೇಳುವುದಿಲ್ಲ. ಹೆಸರು ಹೊರಡುತ್ತದೆ. ಹೊರಟ ಮೇಲೆ ಮೊದಲ ಅಕ್ಷರದಲ್ಲೇ ಅದನ್ನು ತಡೆದು ಬೇರೆ ಕಡೆಗೆ ತಿರುಗಿಸುವುದೊಂದೇ ಉಳಿದ ದಾರಿ. ಮಲೆನಾಡಿನಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಎತ್ತದೆ ‘ಹುಳ’ ಅನ್ನುತ್ತೇವಲ್ಲ, ಹೊರಟವರು ‘ಹೋಗ್ತೀನಿ’ ಎನ್ನದೆ ‘ಬರ್ತೀನಿ’ ಅನ್ನುತ್ತಾರಲ್ಲ, ಅದೇ ಎಚ್ಚರ ಇಂಗ್ಲಿಷಿನಲ್ಲಿ ಉದ್ಗಾರದ ಮೇಲೆ ಕೆಲಸ ಮಾಡಿದೆ. ಹೀಗೆ ‘ಗಾಡ್’ ಎಂದು ಶುರುವಾದದ್ದು ‘ಗಾಶ್’ ಆಯಿತು, ‘ಗಾಲಿ’ ಆಯಿತು, ‘ಗುಡ್‌ನೆಸ್’ ಆಯಿತು. ‘ಜೀಸಸ್’ ಎಂಬುದು ‘ಜೀ’, ‘ಜೀಝ್’ ಆಗಿ ನಿಂತಿತು. ‘ಕ್ರೈಸ್ಟ್’ ಹೋಗಿ ‘ಕ್ರೈಕಿ’ ಬಂತು. ಮೊಸಳೆಗಳ ಜೊತೆ ಸೆಣಸುತ್ತಿದ್ದ ಆಸ್ಟ್ರೇಲಿಯಾದ ಸ್ಟೀವ್ ಇರ್ವಿನ್ ಟೀವಿಯಲ್ಲಿ ಮಾತುಮಾತಿಗೆ ಅನ್ನುತ್ತಿದ್ದುದು ಇದನ್ನೇ. ಶಾಪದ ಪದವಾದ ‘ಡ್ಯಾಮ್’ ಇದ್ದಲ್ಲಿ ‘ಡಾರ್ನ್’, ನರಕವಾದ ‘ಹೆಲ್’ ಇದ್ದಲ್ಲಿ ‘ಹೆಕ್’. ಬ್ರಿಟನ್ನಿನವರ ‘ಬ್ಲೈಮಿ’ಯೊಳಗೆ ‘ದೇವರು ನನ್ನ ಕಣ್ಣು ಕಿತ್ತುಕೊಳ್ಳಲಿ’ ಎಂಬ ಇಡೀ ಆಣೆಯೇ ಮುದುಡಿ ಕೂತಿದೆ, ಅನ್ನುವವರಿಗೇ ಅದು ನೆನಪಿಲ್ಲ ಅಷ್ಟೆ. 1950ರಲ್ಲಿ ಶುರುವಾದ ‘ಪೀನಟ್ಸ್’ ವ್ಯಂಗ್ಯಚಿತ್ರದ ಚಾರ್ಲಿ ಬ್ರೌನ್ ಬಾಯಲ್ಲಿ ಜಗತ್ತಿಗೆಲ್ಲ ಪರಿಚಯವಾದ ‘ಗುಡ್ ಗ್ರೀಫ್’ ಕೂಡ ‘ಗುಡ್ ಗಾಡ್’ ಎಂಬುದರ ಮರೆ. ಅಲ್ಲಿ ಒಳ್ಳೆಯದೂ ಇಲ್ಲ, ದುಃಖವೂ ಇಲ್ಲ. ಮೊದಲ ಅಕ್ಷರ ಕೂಡಿಬಂದರೆ ಸಾಕು, ಆಮೇಲೆ ಯಾವ ಪದವಾದರೂ ನಡೆಯುತ್ತದೆ.

‘ಹೋಲಿ ಕೌ’ ಎಂಬಲ್ಲಿ ತಡೆದದ್ದು ಮೊದಲ ಅಕ್ಷರದಲ್ಲಲ್ಲ, ಎರಡನೆಯ ಪದದಲ್ಲಿ. ‘ಪವಿತ್ರ’ ಎಂಬುದು ಹೊರಗೆ ಬಂದಾಗಿದೆ. ಅದರ ಹಿಂದೆ ಬರಬೇಕಾದದ್ದು ಕ್ರಿಸ್ತನ ಹೆಸರು, ಇಲ್ಲವೇ ಹೊಲಸು ಮಾತು. ಅಲ್ಲಿಗೆ ತಕ್ಷಣ ಯಾರಿಗೂ ನೋವಾಗದ ಒಂದು ಪದ ತಂದು ಕೂರಿಸುತ್ತಾರೆ. ಕೌ ಆಗಬಹುದು, ಸ್ಮೋಕ್ ಎಂದರೆ ಹೊಗೆ ಆಗಬಹುದು, ಮ್ಯಾಕರೆಲ್ ಎಂದರೆ ನಮ್ಮ ಬಂಗುಡೆ ಮೀನೂ ಆಗಬಹುದು. 1966ರ ‘ಬ್ಯಾಟ್‌ಮನ್’ ಟೀವಿ ಸರಣಿಯಲ್ಲಿ ಬ್ಯಾಟ್‌ಮನ್ನನ ಜೊತೆಗಾರ ರಾಬಿನ್ ಹೋಲಿಯ ಮುಂದೆ ಕಣ್ಣಿಗೆ ಕಂಡ ವಸ್ತುವನ್ನೆಲ್ಲ ಸೇರಿಸಿ ಕೂಗುತ್ತಿದ್ದ, ಅಮೆರಿಕದ ಮಕ್ಕಳು ಅದನ್ನೇ ಒಂದು ಆಟ ಮಾಡಿಕೊಂಡರು. ಹಸುವೇ ಏಕೆ ಬಂತು ಎಂಬುದಕ್ಕೆ ಭಾರತದ ಗೋಪೂಜೆಯ ಕೇಳಿಕೆಯೂ ಕಾರಣವಿರಬಹುದೆಂಬ ಊಹೆ ಉಂಟು. ಗೋಪೂಜೆ ಮಾಡುವ ಮನೆಯಿಂದ ಹೋದ ನಮ್ಮ ಹುಡುಗರಿಗೆ ಮೊದಲ ಸಲ ಕೇಳಿದಾಗ ಇದು ಹಂಗಿಸಿದಂತೆ ಅನ್ನಿಸುವುದು ಸಹಜ. ಹಂಗಿಸುವ ಉದ್ದೇಶ ಅದರಲ್ಲಿಲ್ಲ. ಅಂದವರ ಮನಸ್ಸಿನಲ್ಲಿ ಆ ಗಳಿಗೆಗೆ ಹಸುವೇ ಇರುವುದಿಲ್ಲ.

ಮರೆಯಲ್ಲಿರುವುದು ದೇವರ ಹೆಸರೋ ಹೊಲಸು ಮಾತೋ ಎಂಬುದನ್ನು ಕಲಿಯುವವರು ಗಮನಿಸಲೇಬೇಕು. ‘ಶೂಟ್’, ‘ಶುಗರ್’, ‘ಫಡ್ಜ್’ ಇವು ಹೊಲಸು ಮಾತಿನ ಮೊದಲ ಅಕ್ಷರ ಹಿಡಿದು ಹೊರಳಿದ ಪದಗಳು. ಅಮ್ಮಂದಿರು ಮಕ್ಕಳೆದುರು ಬಾಯಿ ತಪ್ಪಿದಾಗ ಅನ್ನುವಂಥವು, ತೊಂದರೆಯಿಲ್ಲ. ಆದರೆ ವಾಟ್ಸ್ಯಾಪಿನಲ್ಲಿ ಓಡಾಡುವ ಡಬ್ಲ್ಯೂ-ಟಿ-ಎಫ್ ಎಂಬ ಮೂರಕ್ಷರದಲ್ಲಿ ಎಫ್ ಎಂಬುದು ಮರೆಯೇ ಅಲ್ಲ, ಬರೀ ಸಂಕ್ಷೇಪ. ಓದಿದವರ ತಲೆಯಲ್ಲಿ ಆ ಪದ ಪೂರ್ತಿಯಾಗೇ ಮೊಳಗುತ್ತದೆ. ನಮ್ಮ ಪಿಯುಸಿ ಮಕ್ಕಳು ಅದನ್ನು ‘ಅಯ್ಯೋ’ ಎಂಬಷ್ಟೇ ಹಗುರವಾಗಿ ಉಪನ್ಯಾಸಕರಿರುವ ಗುಂಪಿನಲ್ಲೂ ಹಾಕಿಬಿಡುತ್ತಾರೆ. ಕೆಟ್ಟ ಬುದ್ಧಿಯಿಂದಲ್ಲ, ತೂಕ ಗೊತ್ತಿಲ್ಲದೆ. ಓ-ಎಮ್-ಜಿ ಅಷ್ಟು ಭಾರವಲ್ಲ. ಅದು ಮೊಬೈಲಿನ ಕೂಸು ಎಂದುಕೊಂಡವರೇ ಹೆಚ್ಚು. ನಿಜವಾಗಿ ಅದು ಮೊದಲು ಸಿಗುವುದು 1917ರಲ್ಲಿ ಬ್ರಿಟಿಷ್ ನೌಕಾಪಡೆಯ ಅಡ್ಮಿರಲ್ ಲಾರ್ಡ್ ಫಿಶರ್ ಅವರು ಚರ್ಚಿಲ್‌ಗೆ ಬರೆದ ಕಾಗದದಲ್ಲಿ.

ತೂಕ ಕಾಲಕಾಲಕ್ಕೆ ಬದಲಾಗುತ್ತಲೂ ಇರುತ್ತದೆ. ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ ನಾಟಕ ಹೂ ಮಾರುವ ಹುಡುಗಿ ಎಲೈಜಾಗೆ ದೊಡ್ಡವರ ಇಂಗ್ಲಿಷ್ ಕಲಿಸುವ ಕತೆ. 1914ರಲ್ಲಿ ಲಂಡನ್ನಿನ ರಂಗದ ಮೇಲೆ ಆ ಎಲೈಜಾ ಶ್ರೀಮಂತರ ಮನೆಯಲ್ಲಿ, ಕಲಿತ ಚೊಕ್ಕ ಉಚ್ಚಾರದಲ್ಲೇ ‘ಬ್ಲಡಿ’ ಎಂದಾಗ ಸಭೆಯೆಲ್ಲ ಹೋ ಎಂದಿತು, ಪತ್ರಿಕೆಗಳಲ್ಲಿ ಅದೇ ಸುದ್ದಿಯಾಯಿತು. ಇವತ್ತು ಬ್ರಿಟನ್ನಿನಲ್ಲಿ ಅದಕ್ಕೆ ಯಾರೂ ಬೆಚ್ಚುವುದಿಲ್ಲ. ಎಲೈಜಾಳ ಉಚ್ಚಾರ ಸರಿಯಿತ್ತು, ಯಾವ ಮನೆಯಲ್ಲಿ ಯಾವ ಮಾತು ಎಂಬುದನ್ನು ಮಾತ್ರ ಕಲಿತಿರಲಿಲ್ಲ. ಪರಭಾಷೆ ಕಲಿಯುವ ಯಾರಿಗೂ ಕೊನೆಗೆ ಒಲಿಯುವ ಪಾಠ ಅದು.

ಪ್ರಾಸ ಹಾಕಿ ಆಡುವ ಉದ್ಗಾರಗಳಲ್ಲಿ ನಮ್ಮ ಕಿವಿಯೇ ನಮ್ಮನ್ನು ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಮಾತನ್ನು ಮರುಕಳಿಸಿದರೆ ಭಾವ ಏರುತ್ತದೆ. ಅಬ್ಬಾಗಿಂತ ಅಬ್ಬಬ್ಬಾ ದೊಡ್ಡದು, ಅಯ್ಯೋಗಿಂತ ಅಯ್ಯಯ್ಯೋ ಗಾಬರಿಯದು. ಇಂಗ್ಲಿಷಿನಲ್ಲಿ ಪ್ರಾಸ ಸೇರಿಸಿದರೆ ಭಾವ ಇಳಿಯುತ್ತದೆ. ‘ಹೋಲಿ’ಗೆ ‘ಮೋಲಿ’ ಸೇರಿದ ಕೂಡಲೇ ಅದು ಮಕ್ಕಳ ಮಾತಾಗುತ್ತದೆ, ‘ಜೀಝ್’ಗೆ ‘ಲೂಯೀಸ್’ ಸೇರಿದರೆ ಬೇಸರದ ಮುಳ್ಳು ಮುರಿದು ಹೋಗುತ್ತದೆ. ಆ ಲೂಯೀಸ್ ಯಾವ ಹೆಂಗಸೂ ಅಲ್ಲ, ಜೀಝ್ ಎಂಬುದರ ಜೊತೆ ಕಿವಿಗೆ ಒಪ್ಪಿದ ಹೆಸರು. ‘ಓಕಿ-ಡೋಕಿ’, ‘ಈಝಿ-ಪೀಝಿ’ಗಳದ್ದೂ ಇದೇ ಜಾತಿ. ನಾವು ಪುಸ್ತಕ-ಗಿಸ್ತಕ, ಕಾಫಿ-ಗೀಫಿ ಅನ್ನುವಾಗ ಆ ‘ಗಿ’ಗೆ ‘ಮತ್ತು ಅಂಥದ್ದು’ ಎಂಬ ಅರ್ಥವಿದೆ. ಡೋಕಿಗೆ, ಪೀಝಿಗೆ ಅಂಥ ಯಾವ ಅರ್ಥವೂ ಇಲ್ಲ, ಹುಡುಕಲು ಹೋಗಬೇಡಿ. ಆಸ್ಪತ್ರೆಯಲ್ಲಿ ಮಲಗಿದವರ ಸುದ್ದಿ ಕೇಳಿ ‘ಹೋಲಿ ಮೋಲಿ’ ಎಂದರೆ, ಅಬ್ಬಬ್ಬಾ ಎನ್ನುವಷ್ಟು ಕಾಳಜಿ ತೋರಿದೆವೆಂದು ನಮಗೆ ಅನ್ನಿಸಬಹುದು. ಎದುರಿನವರಿಗೆ ನಾವು ಆಟವಾಡಿದಂತೆ ಕೇಳುತ್ತದೆ. ಅಂಥಲ್ಲಿ ‘ಓ ನೋ’ ಎಂಬ ಬಡ ಮಾತೇ ಸರಿ.

ಟಿನ್‌ಟಿನ್ ಚಿತ್ರಕತೆಗಳ ಕ್ಯಾಪ್ಟನ್ ಹ್ಯಾಡಕ್ ಈ ಆಟದ ದೊಡ್ಡ ಮೇಷ್ಟ್ರು. ಬೆಲ್ಜಿಯಮ್ಮಿನ ಎರ್ಜೆ ಆ ಕುಡುಕ ನಾವಿಕನನ್ನು ಸೃಷ್ಟಿಸಿದ್ದು 1940ರ ದಶಕದ ಆರಂಭದಲ್ಲಿ. ನಾವಿಕನೆಂದ ಮೇಲೆ ಬೈಯಬೇಕು, ಮಕ್ಕಳ ಪತ್ರಿಕೆ ಎಂದ ಮೇಲೆ ಬೈಯಕೂಡದು. ಹಾಗಾಗಿ ಕೇಳಲು ಭಯಂಕರ, ಅರ್ಥದಲ್ಲಿ ಸಾಧು ಎನ್ನುವಂಥ ಪದಗಳನ್ನು ಅವನ ಬಾಯಿಗೆ ಕೊಟ್ಟರು. ಇಂಗ್ಲಿಷ್ ಅನುವಾದದಲ್ಲಿ ಅವನು ಬಾರ್ನಕಲ್ ಎಂದು ಗುಡುಗುತ್ತಾನೆ. ಅದು ಹಡಗಿನ ತಳಕ್ಕೆ ಕಚ್ಚಿಕೊಳ್ಳುವ ಚಿಪ್ಪಿನ ಜೀವಿ. ಟೈಫೂನ್ ಎನ್ನುತ್ತಾನೆ, ಅದು ಬಿರುಗಾಳಿ. ಉದ್ಗಾರದಲ್ಲಿ ಅರ್ಥಕ್ಕಿಂತ ಸದ್ದೇ ಮುಂದು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಪುಸ್ತಕ ನನಗೆ ಗೊತ್ತಿಲ್ಲ.

ಪದಕ್ಕೆ ಪೂರ್ತಿ ಎದುರಾದ ಭಾವ ಹೊರಡಿಸುವ ಮಾತುಗಳು ಇನ್ನೊಂದು ಬಗೆ. ‘ಗೆಟ್ ಔಟ್’ ಎಂದು ಕಣ್ಣರಳಿಸಿ ನಕ್ಕರೆ ಯಾರೂ ಎದ್ದು ಹೋಗಬೇಕಿಲ್ಲ. ಅದು ನಮ್ಮ ‘ಹೋಗೋ’, ನಂಬಲಾಗುತ್ತಿಲ್ಲ ಎಂದಷ್ಟೆ. ‘ಶಟ್ ಅಪ್’ ಕೂಡ ಗೆಳತಿಯರ ನಡುವೆ ‘ಸುಮ್ನಿರೇ, ನಿಜವಾ?’ ಆಗುತ್ತದೆ. ‘ಟೆಲ್ ಮಿ ಅಬೌಟ್ ಇಟ್’ ಎಂದವರಿಗೆ ಕತೆ ಹೇಳಲು ಕೂತರೆ ಕೆಲಸ ಕೆಟ್ಟಿತು. ಅವರು ಹೇಳಿದ್ದು ‘ನನಗೆ ಹೇಳ್ತೀಯಾ, ನಾನೂ ಅನುಭವಿಸಿದವನೇ’ ಎಂದು. ‘ಮೈ ಫುಟ್’ ಎಂದರೆ ನಮ್ಮ ‘ನಿನ್ ತಲೆ’. ನಾವು ಎದುರಿನವರ ತಲೆ ಹಿಡಿಯುತ್ತೇವೆ, ಅವರು ತಮ್ಮದೇ ಪಾದ ಹಿಡಿಯುತ್ತಾರೆ, ತಳ್ಳಿಹಾಕುವುದು ಮಾತ್ರ ಒಂದೇ. ‘ಗ್ರೇಟ್’ ಎಂಬುದು ದನಿ ಏರಿದಾಗ ಮೆಚ್ಚುಗೆ, ದನಿ ಚಪ್ಪಟೆಯಾಗಿ ಇಳಿದಾಗ ತಿವಿತ. ಬಸ್ಸು ತಪ್ಪಿದಾಗ ನಾವು ‘ಚೆನ್ನಾಗಾಯ್ತು’ ಅನ್ನುವ ದನಿ ಅದು.

ಇವುಗಳಲ್ಲಿ ಒಂದು ಅಪಾಯವಿದೆ. ಕನ್ನಡದ ಉದ್ಗಾರಕ್ಕೆ ಗೌರವವನ್ನು ಹೊಲಿಯಬಹುದು. ‘ಹೋಗೋ’ ಎಂಬುದನ್ನು ‘ಹೋಗ್ರೀ’ ಮಾಡಬಹುದು, ‘ಸುಮ್ನಿರು’ ಎಂಬುದನ್ನು ‘ಸುಮ್ನಿರಿ ಸಾರ್’ ಮಾಡಬಹುದು, ‘ಅಯ್ಯೋ ಬಿಡಿ ಅಕ್ಕ’ ಎಂದು ನಂಟನ್ನೂ ಸೇರಿಸಬಹುದು. ‘ಶಟ್ ಅಪ್’ಗೆ ‘ರೀ’ ಹಚ್ಚಲು ಜಾಗವಿಲ್ಲ. ‘ಶಟ್ ಅಪ್ ಸರ್’ ಎಂದರೆ ಇನ್ನೂ ಕೆಡುತ್ತದೆ. ಹಾಗಾಗಿ ದೊಡ್ಡವರೆದುರು, ಹೊಸಬರೆದುರು ಮಾತನ್ನೇ ಬದಲಿಸಬೇಕು. ‘ರಿಯಲಿ?’, ‘ಮೈ ಗುಡ್‌ನೆಸ್’, ‘ವಾವ್’ ಈ ಮೂರು ಯಾರೆದುರೂ ನಡೆಯುತ್ತವೆ. ‘ಓ ಮೈ ಗಾಡ್’ ಈಗ ನಮ್ಮ ಹಳ್ಳಿಯ ಮಕ್ಕಳ ಬಾಯಲ್ಲೂ ಇದೆ. ಅದು ತಪ್ಪೇನಲ್ಲ, ಆದರೆ ಶ್ರದ್ಧಾವಂತ ಕ್ರೈಸ್ತರ ಮನೆಯಲ್ಲಿ ‘ಗಾಡ್’ ಇದ್ದಲ್ಲಿ ‘ಗಾಶ್’ ಎಂದರೆ ಅವರ ಮನಸ್ಸಿಗೆ ಹಿತ.

ಇನ್ನು ಬರೀ ಸದ್ದುಗಳು. ಇಲ್ಲಿ ತೊಡಕಿರುವುದು ಬರವಣಿಗೆಯಲ್ಲಿ. ಪುಸ್ತಕದಲ್ಲಿ ಟಿ-ಎಸ್-ಕೆ ಎಂಬ ಅಕ್ಷರಗಳನ್ನು ಎರಡು ಸಲ ಬರೆದಿದ್ದರೆ ಮಕ್ಕಳು ‘ಟಿಸ್ಕ್ ಟಿಸ್ಕ್’ ಎಂದು ಓದುತ್ತಾರೆ. ಅದು ನಾವು ನಾಲಗೆಯಿಂದ ಲೊಚಗುಟ್ಟುವ ಸದ್ದು, ಅಕ್ಷರಕ್ಕೆ ಸಿಗದೆ ಹಾಗೆ ಬರೆದಿದ್ದಾರೆ. ‘ಫ್ಯೂ’ ಎಂದು ಕಾಣುವುದು ಬೆವರು ಒರೆಸಿಕೊಂಡು ಬಿಡುವ ನಿಟ್ಟುಸಿರು. ಓದುವಾಗ ಉಸಿರೇ ಬಿಟ್ಟರೆ ಸರಿಯಾಗಿ ಓದಿದಂತೆ. ‘ಅಹಾ’ ಹೋಲುವ ಮೂರು ಮಾತಂತೂ ಎಲ್ಲರನ್ನೂ ಗೋಳಾಡಿಸುತ್ತವೆ. ‘ಅಹ್-ಹಹ್’ ಎಂದರೆ ಹೂಂ. ‘ಅಹ್-ಅಹ್’ ಎಂದು ನಡುವೆ ಗಂಟಲು ಕಟ್ಟಿದರೆ ಉಹೂಂ. ‘ಅಹ್-ಓ’ ಎಂದರೆ ಏನೋ ಎಡವಟ್ಟಾಯಿತು. ಹೂಂ, ಉಹೂಂಗಳ ಒಂದೇ ಉಸಿರಿನ ವ್ಯತ್ಯಾಸವನ್ನು ತೊಟ್ಟಿಲಿನಿಂದ ಹಿಡಿದವರಿಗೆ ಇದು ಕಷ್ಟವಾಗಬೇಕಿಲ್ಲ. ಕಣ್ಣಿನಿಂದ ಓದದೆ ಕಿವಿಯಿಂದ ಕಲಿಯಬೇಕು, ಅಷ್ಟೆ. ಹಾಗೆಯೇ ಬೆರಗಾದಾಗ ಅಮೆರಿಕದವರು ಎಳೆದು ಹೇಳುವ ‘ವೋ’ ಮೊದಲಿಗೆ ಕುದುರೆಯನ್ನು ನಿಲ್ಲಿಸಲು ಹಾಕುತ್ತಿದ್ದ ಕೂಗು. ಈಗಲೂ ‘ವೋ’ ಎಂದರೆ ಬೆರಗಿನ ಜೊತೆಗೆ ‘ತಡಿ, ನಿಲ್ಲು’ ಎಂಬ ನೆರಳಿದೆ. ‘ವಾವ್’ಗೆ ಆ ನೆರಳಿಲ್ಲ. ಟೀವಿಯ ಹೋಮರ್ ಸಿಂಪ್ಸನ್ ತನ್ನ ಪೆದ್ದುತನಕ್ಕೆ ತಾನೇ ಅಂದುಕೊಳ್ಳುವ ‘ಡೋಹ್’ ಎಂಬ ಸದ್ದು 2001ರಲ್ಲಿ ಆಕ್ಸ್‌ಫರ್ಡ್ ನಿಘಂಟಿನ ಮೆಟ್ಟಿಲು ಹತ್ತಿತು. ನಿಘಂಟಿನವರೂ ಇಂಥದ್ದನ್ನೆಲ್ಲ ಕಿವಿಗೊಟ್ಟು ಕೇಳುತ್ತಿದ್ದಾರೆ ಎಂದಾಯಿತು.

ಕಲಿಯುವವರಿಗೆ ನನ್ನ ಸಲಹೆ ಇಷ್ಟು. ಹೊಸ ಉದ್ಗಾರ ಕಿವಿಗೆ ಬಿದ್ದಾಗ ಅದನ್ನೊಂದೇ ಬರೆದುಕೊಳ್ಳಬೇಡಿ. ಅದರ ಹಿಂದಿನ ಗಳಿಗೆಯಲ್ಲಿ ಏನಾಯಿತು, ಯಾರು ಯಾರಿಗೆ ಅಂದರು ಎಂಬುದನ್ನೂ ಒಂದು ಸಾಲಿನಲ್ಲಿ ಬರೆದಿಡಿ. ಆ ಜಾಗದಲ್ಲಿ ನಮ್ಮ ಮನೆಯವರು ಏನು ಅನ್ನುತ್ತಿದ್ದರು ಎಂದು ಪಕ್ಕದಲ್ಲಿ ಹಾಕಿ. ‘ಹೋಲಿ ಕೌ’ ಎದುರಿಗೆ ಪವಿತ್ರ ಹಸು ಎಂದು ಬರೆದವರಿಗೆ ಅದು ಎಂದೂ ಉಪಯೋಗಕ್ಕೆ ಬರುವುದಿಲ್ಲ, ‘ಅಬ್ಬಾ’ ಎಂದು ಬರೆದವರಿಗೆ ನಾಳೆಯೇ ಬರುತ್ತದೆ. ಕೇಳಿದ್ದನ್ನೆಲ್ಲ ಆಡಲೇಬೇಕೆಂದೂ ಇಲ್ಲ. ಅರ್ಥವಾಗಬೇಕಾದ ಉದ್ಗಾರಗಳು ನೂರಿರಬಹುದು, ಬಾಯಲ್ಲಿ ನಾಲ್ಕೈದು ಪಳಗಿದರೆ ಸಾಕು.

ಅಯ್ಯೋ ಎಂಬುದನ್ನಂತೂ ಬಿಡಬೇಕಾಗಿಯೇ ಇಲ್ಲ. ಬೆಂಗಳೂರಿನ ಸಂದರ್ಶನಕ್ಕೆ ಹೊರಡುವ ಮಕ್ಕಳಿಗೆ, ಇಂಗ್ಲಿಷ್ ಮಾತಾಡುವಾಗ ಅಯ್ಯೋ ಬಾಯಿಗೆ ಬಂದರೆ ನಗುತ್ತಾರೆ ಎಂದು ಹೆದರಿಸುವವರಿದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು 2016ರ ಸೆಪ್ಟೆಂಬರಿನಲ್ಲಿ ‘ಅಯ್ಯೋ’ವನ್ನು ಇಂಗ್ಲಿಷ್ ಪದವೆಂದೇ ಸೇರಿಸಿಕೊಂಡಿತು. ದಕ್ಷಿಣ ಭಾರತದ ನಾಲ್ಕೂ ಭಾಷೆಯವರು, ಶ್ರೀಲಂಕಾದವರು, ಮಲೇಷ್ಯಾ ಸಿಂಗಪುರಕ್ಕೆ ಹೋಗಿ ನೆಲೆಸಿದವರು ತಲೆಮಾರುಗಳಿಂದ ತಮ್ಮ ಇಂಗ್ಲಿಷಿನೊಳಗೆ ಅದನ್ನು ಆಡುತ್ತಲೇ ಬಂದಿದ್ದರು. ಸಂದರ್ಶನದ ಕೋಣೆಯಲ್ಲಿ ಕೈಯಲ್ಲಿದ್ದ ಫೈಲು ಜಾರಿ ಬಿದ್ದರೆ ‘ಊಪ್ಸ್’ ಎನ್ನಿ, ‘ಅಯ್ಯೋ’ ಎನ್ನಿ. ಎರಡೂ ಈಗ ಇಂಗ್ಲಿಷೇ.